ಋತುಬಂಧದ ಬಿಸಿ, ಬೆವರು, ನಿದ್ದೆಗೇಡು: ಹಾರ್ಮೋನ್ ಚಿಕಿತ್ಸೆಗೆ ಹೆದರಬೇಕೆ?

ನಿಮ್ಮ ಮನೆಯಲ್ಲಿ 45 ದಾಟಿದ ತಾಯಿಯೋ ಅಕ್ಕನೋ ಇದ್ದರೆ ಒಂದು ರಾತ್ರಿ ಸ್ವಲ್ಪ ಗಮನಿಸಿ ನೋಡಿ. ಫ್ಯಾನ್ ತಿರುಗುತ್ತಿದ್ದರೂ ಹೊದಿಕೆ ಸರಿಸಿ ಎದ್ದು ಕೂರುತ್ತಾರೆ. ಕುತ್ತಿಗೆ, ಎದೆ, ಕೂದಲ ಬುಡ ಎಲ್ಲ ಬೆವರಿನಿಂದ ಒದ್ದೆಯಾಗಿರುತ್ತದೆ. ಐದು ನಿಮಿಷ ಕಳೆಯುವಷ್ಟರಲ್ಲಿ ಬಿಸಿ ಇಳಿದು ಮೈ ಚಳಿಗುಟ್ಟುತ್ತದೆ. ಮತ್ತೆ ಹೊದ್ದು ಮಲಗುತ್ತಾರೆ. ಒಂದು ಗಂಟೆ ಬಿಟ್ಟು ಮತ್ತೆ ಅದೇ ಕಥೆ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು ಚಹಾ ಮಾಡುವವರೂ ಅವರೇ. ಹಗಲಿನಲ್ಲಿ ಸಣ್ಣ ಮಾತಿಗೆ ಸಿಡುಕಿದರೆ, ಅಮ್ಮನಿಗೆ ಈಚೆಗೆ ಕೋಪ ಜಾಸ್ತಿಯಾಗಿದೆ ಎಂದು ಮಕ್ಕಳು ದೂರುತ್ತಾರೆ. ಬಿಪಿ ನೋಡಿಸುತ್ತಾರೆ. ನಝರ್ ಆಗಿರಬಹುದೆಂದು ಓದಿಸಿದ ನೀರು ತಂದು ಕುಡಿಸುವವರೂ ಇದ್ದಾರೆ. ಇದು ಮುಟ್ಟು ನಿಲ್ಲುವ ಹೊತ್ತಿನ ತೊಂದರೆ ಎಂಬ ಒಂದು ಮಾತು ಮಾತ್ರ ಮನೆಯಲ್ಲಿ ಯಾರ ಬಾಯಿಂದಲೂ ಬರುವುದಿಲ್ಲ.

ಎರಡು ವರ್ಷಗಳ ಹಿಂದೆ ರಮಝಾನಿಗೆ ಹದಿನೈದು ದಿನ ಇರುವಾಗ 49 ವರ್ಷದ ಸಹೋದರಿಯೊಬ್ಬರು ನನ್ನ ದವಾಖಾನೆಗೆ ಬಂದರು. ಅವರ ಮೊದಲ ಪ್ರಶ್ನೆ ವೈದ್ಯರಿಗೆ ಕೇಳುವಂಥದ್ದೇ ಆಗಿರಲಿಲ್ಲ. "ಡಾಕ್ಟ್ರೇ, ಇಷ್ಟೊಂದು ಬೆವರಿದರೆ ವುಝೂ ಮುರಿಯುತ್ತದಾ?" ಬೆವರಿನಿಂದ ವುಝೂ ಮುರಿಯುವುದಿಲ್ಲ ಎಂದು ಅವರಿಗೂ ಗೊತ್ತಿತ್ತು. ಕೇಳಬೇಕಾಗಿದ್ದದ್ದು ಬೇರೆ. ಹಿಂದಿನ ರಮಝಾನಿನಲ್ಲಿ ತರಾವೀಹ್‌ಗೆ ನಿಂತಾಗ ಮೂರು ನಾಲ್ಕು ಸಲ ಮೈಯೆಲ್ಲ ಬೆಂಕಿಯಂತೆ ಬಿಸಿಯೇರಿ, ಸಫ್ ಬಿಟ್ಟು ಹೊರಗೆ ಬಂದು ಗೋಡೆಗೆ ಒರಗಿ ಕೂತಿದ್ದರಂತೆ. ಪಕ್ಕದವರು ಏನಾಯಿತೆಂದು ಕೇಳಿದ್ದಕ್ಕೆ ನಾಚಿಕೆಯಾಗಿ, ಹತ್ತನೇ ದಿನದಿಂದ ಹೋಗುವುದನ್ನೇ ಬಿಟ್ಟಿದ್ದರು. ರಾತ್ರಿ ಒಟ್ಟು ಸೇರಿ ಮೂರು ಗಂಟೆ ನಿದ್ದೆ. ಈ ವರ್ಷವೂ ಹೀಗೇ ಆದರೆ ಎಂಬ ಭಯ ಅವರನ್ನು ನನ್ನ ಬಳಿಗೆ ತಂದಿತ್ತು.

ನಾನು ಯುನಾನಿ ವೈದ್ಯೆ. ನನಗೆ ತಿಳಿದದ್ದನ್ನು ಕೊಟ್ಟೆ. ಅರ್ಕೆ ಕಾಸನಿ, ಶರ್ಬತೆ ಬಝೂರಿ, ರಾತ್ರಿ ನೆತ್ತಿಗೆ ರೋಗನೆ ಕಾಹೂ. ಮೊದಲ ತಿಂಗಳು ಅರ್ಧಕ್ಕರ್ಧ ಕಡಿಮೆಯಾಗಿದೆ ಎಂದರು. ನನಗೂ ಖುಷಿಯಾಯಿತು. ಮೂರನೇ ತಿಂಗಳು ಮತ್ತೆ ಹಳೆಯದೇ ಸ್ಥಿತಿ. ಔಷಧ ಬದಲಿಸಿದೆ, ಮತ್ತೆ ಬದಲಿಸಿದೆ. ಹೀಗೆ ಎಂಟು ತಿಂಗಳು ಕಳೆಯಿತು. ಕೊನೆಗೆ ಮೂತ್ರದ ಉರಿಗೆಂದು ಮಗಳ ಜೊತೆ ಸ್ತ್ರೀರೋಗ ತಜ್ಞೆಯೊಬ್ಬರ ಬಳಿ ಹೋದಾಗ, ಆ ವೈದ್ಯೆ ಕೂರಿಸಿ ಎಲ್ಲ ವಿಚಾರಿಸಿ, ಪರೀಕ್ಷೆಗಳನ್ನು ಮಾಡಿಸಿ, ಈಸ್ಟ್ರೋಜನ್ ಜೆಲ್ ಮತ್ತು ರಾತ್ರಿಗೊಂದು ಪ್ರೊಜೆಸ್ಟರಾನ್ ಬರೆದುಕೊಟ್ಟರು. ಮೂರನೇ ವಾರದಲ್ಲಿ ಅವರು ಇಡೀ ರಾತ್ರಿ ನಿದ್ದೆ ಮಾಡಿದರು. ಅದನ್ನು ಹೇಳಲು ನನ್ನ ಬಳಿ ಬಂದಾಗ, ಬೇರೆಯವರ ಮನೆಯಲ್ಲಿ ಊಟ ಮಾಡಿ ಬಂದವರ ಹಾಗೆ ಸಂಕೋಚಪಡುತ್ತಿದ್ದರು. ಸಂಕೋಚಪಡಬೇಕಾದವಳು ನಾನು. ಅವರನ್ನು ಎಂಟು ತಿಂಗಳ ಹಿಂದೆಯೇ ಕಳಿಸಬೇಕಿತ್ತು. ಈ ಲೇಖನ ಬರೆಯಲು ಅದೇ ಕಾರಣ.

ದೇಹದಲ್ಲಿ ಆಗುವುದೇನು?

ಹನ್ನೆರಡು ತಿಂಗಳು ಸತತವಾಗಿ ಮುಟ್ಟು ಬಾರದಿದ್ದರೆ ಅದನ್ನು ಋತುಬಂಧ ಎನ್ನುತ್ತೇವೆ. ಪಾಶ್ಚಾತ್ಯ ದೇಶಗಳಲ್ಲಿ ಇದರ ಸರಾಸರಿ ವಯಸ್ಸು 51. ನಮ್ಮ ದೇಶದಲ್ಲಿ ನಾಲ್ಕೈದು ವರ್ಷ ಮೊದಲೇ, ಸುಮಾರು 46-47ಕ್ಕೆ ಬರುತ್ತದೆ. ಅದಕ್ಕೂ ಮೊದಲಿನ ಮೂರು ನಾಲ್ಕು ವರ್ಷ ಮುಟ್ಟು ಹಿಂದೆ ಮುಂದೆ ಆಗುತ್ತಾ, ಬಿಸಿ ಮತ್ತು ಬೆವರು ಆಗಲೇ ಶುರುವಾಗಿರುತ್ತದೆ.

ಯುನಾನಿ ಗ್ರಂಥಗಳಲ್ಲಿ ಈ ವಯಸ್ಸಿಗೆ ಸಿನ್ನೆ ಯಾಸ್ ಎಂಬ ಹೆಸರಿದೆ. ಯಾಸ್ ಎಂದರೆ ನಿರಾಶೆ. ಕೇಳಿದರೆ ಬೇಸರವಾಗುವ ಹೆಸರು. ಆದರೆ ಪವಿತ್ರ ಕುರ್‌ಆನಿನ ಸೂರಃ ಅತ್ತಲಾಕ್‌ನಲ್ಲಿ ಇಂಥ ಮಹಿಳೆಯರ ಇದ್ದತ್ ಮೂರು ತಿಂಗಳೆಂದು ಹೇಳುವಾಗಲೂ ಇದೇ ಮೂಲದ ಪದ ಬಂದಿದೆ. ಅಲ್ಲಿ ಆಸೆ ಬಿಟ್ಟಿರುವುದು ಮುಟ್ಟಿನ ಬಗ್ಗೆ ಮಾತ್ರ, ಬದುಕಿನ ಬಗ್ಗೆ ಅಲ್ಲ. ನಮ್ಮ ಮನೆಗಳಲ್ಲಿ ಈ ಎರಡನ್ನೂ ಒಂದೇ ಮಾಡಿಬಿಟ್ಟಿದ್ದೇವೆ.

ಹಳೆಯ ಹಕೀಮರು ಮುಟ್ಟನ್ನು ದೇಹದ ಹೆಚ್ಚುವರಿ ಪದಾರ್ಥ ಹೊರಹೋಗುವ ದಾರಿ ಎಂದು ತಿಳಿದಿದ್ದರು. ಅದು ನಿಂತಾಗ ಆ ಪದಾರ್ಥ ಒಳಗೇ ಉಳಿದು ಬಿಸಿ ಮೇಲೇರುತ್ತದೆ ಎಂದು ಅವರ ವಿವರಣೆ. ಇಂದಿಗೂ ಎಷ್ಟೋ ತಾಯಂದಿರು "ಕೆಟ್ಟ ರಕ್ತ ಒಳಗೇ ನಿಂತಿದೆ" ಎಂದು ಹೇಳುತ್ತಾ ಬರುತ್ತಾರೆ. ಮುಟ್ಟು ಮತ್ತೆ ಬರಿಸುವ ಔಷಧ ಕೊಡಿ ಎನ್ನುತ್ತಾರೆ. ಒಂದು ಮಾತು ಸ್ಪಷ್ಟವಾಗಿ ಹೇಳುತ್ತೇನೆ, ಒಳಗೆ ಯಾವ ಕೆಟ್ಟ ರಕ್ತವೂ ಉಳಿದಿರುವುದಿಲ್ಲ. ಮುಟ್ಟು ನಿಂತವರಿಗೆ ಅದನ್ನು ಬರಿಸುವ ಔಷಧ ಕೊಡುವವರಿಂದ ದೂರವಿರಿ. ಆ ರಕ್ತ ತೆಗೆಯಲೆಂದು ಹಿಜಾಮಾ ಮಾಡಿಸಿಕೊಂಡರೆ ಬಿಸಿ ನಿಲ್ಲುತ್ತದೆ ಎಂಬುದಕ್ಕೂ ಆಧಾರವಿಲ್ಲ. ಮೊದಲೇ ರಕ್ತ ಕಡಿಮೆ ಇರುವವರಿಗಂತೂ ಅದು ಬೇಡವೇ ಬೇಡ.

ಆಗುವುದು ಇಷ್ಟು. ಅಂಡಾಶಯ ಈಸ್ಟ್ರೋಜನ್ ತಯಾರಿಸುವುದನ್ನು ಕಡಿಮೆ ಮಾಡುತ್ತದೆ. ಮೆದುಳಿನ ಹೈಪೊಥಲಾಮಸ್ ಎಂಬ ಭಾಗ ನಮ್ಮ ಮೈಯ ಶಾಖವನ್ನು ಕಾಯುತ್ತದೆ. ಮೊದಲು ಅದು ಸಣ್ಣಪುಟ್ಟ ಏರಿಳಿತವನ್ನು ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ. ಈಸ್ಟ್ರೋಜನ್ ಇಳಿದಾಗ ಅದರ ಸಹನೆ ಕಡಿಮೆಯಾಗುತ್ತದೆ. ಮೈಬಿಸಿ ಕೂದಲೆಳೆಯಷ್ಟು ಏರಿದರೂ ಮನೆಗೆ ಬೆಂಕಿ ಬಿದ್ದಂತೆ ಗಾಬರಿಗೊಂಡು, ಚರ್ಮದ ರಕ್ತನಾಳಗಳನ್ನು ತೆರೆದು ಬೆವರು ಸುರಿಸಿ ತಂಪು ಮಾಡಲು ಹೊರಡುತ್ತದೆ. ಮುಖ ಕೆಂಪಾಗುವುದು, ಎದೆ ಡವಗುಟ್ಟುವುದು, ಆಮೇಲೆ ಚಳಿಯಾಗುವುದು, ಎಲ್ಲವೂ ಇದರಿಂದಲೇ. ಇದು ನಿಮ್ಮ ತಾಯಿಯ ಮನಸ್ಸಿನ ಭ್ರಮೆಯಲ್ಲ, ಈಮಾನಿನ ಕೊರತೆಯೂ ಅಲ್ಲ.

ಕೆಲವೇ ತಿಂಗಳು ಸಹಿಸಿಕೊಂಡರೆ ತಾನಾಗಿ ಹೋಗುತ್ತದೆ ಎನ್ನುವವರು ಬಹಳ. ಅಮೆರಿಕದಲ್ಲಿ ಸಾವಿರಾರು ಮಹಿಳೆಯರನ್ನು ವರ್ಷಗಟ್ಟಲೆ ಗಮನಿಸಿದ ಸ್ವಾನ್ ಎಂಬ ಅಧ್ಯಯನ 2015ರಲ್ಲಿ ತನ್ನ ಲೆಕ್ಕ ಪ್ರಕಟಿಸಿತು. ಪದೇ ಪದೇ ಬಿಸಿಯೇರುವ ಮಹಿಳೆಯರಲ್ಲಿ ಅರ್ಧದಷ್ಟು ಮಂದಿಗೆ ಅದು ಏಳು ವರ್ಷಕ್ಕಿಂತ ಹೆಚ್ಚು ಕಾಲ ಉಳಿದಿತ್ತು. ಏಳು ರಮಝಾನ್ ಎಂದು ಲೆಕ್ಕ ಹಾಕಿಕೊಳ್ಳಿ.

ಹಾರ್ಮೋನ್ ಚಿಕಿತ್ಸೆ ಎಷ್ಟು ಕೆಲಸ ಮಾಡುತ್ತದೆ?

ದೇಹದಲ್ಲಿ ಕಡಿಮೆಯಾದ ಈಸ್ಟ್ರೋಜನ್ನನ್ನು ಸ್ವಲ್ಪ ಪ್ರಮಾಣದಲ್ಲಿ ಹೊರಗಿನಿಂದ ಕೊಡುವುದೇ ಹಾರ್ಮೋನ್ ಚಿಕಿತ್ಸೆ. ಎಚ್‌ಆರ್‌ಟಿ ಎಂದೂ ಕರೆಯುತ್ತಾರೆ. ಗರ್ಭಕೋಶ ಇರುವವರಿಗೆ ಜೊತೆಯಲ್ಲಿ ಪ್ರೊಜೆಸ್ಟರಾನ್ ಕೊಡಲೇಬೇಕು. ಈಸ್ಟ್ರೋಜನ್ ಒಂದನ್ನೇ ಕೊಟ್ಟರೆ ಗರ್ಭಕೋಶದ ಒಳಪದರ ಬೆಳೆದು ಕ್ಯಾನ್ಸರ್‌ಗೆ ದಾರಿಯಾಗಬಹುದು. ಗರ್ಭಕೋಶ ತೆಗೆಸಿಕೊಂಡವರಿಗೆ ಸಾಮಾನ್ಯವಾಗಿ ಈಸ್ಟ್ರೋಜನ್ ಮಾತ್ರ ಸಾಕು.

ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ ಕಾಕ್ರೇನ್ ವಿಮರ್ಶೆಯ ಪ್ರಕಾರ, ಸುಳ್ಳು ಮಾತ್ರೆ ಪಡೆದವರಿಗೆ ಹೋಲಿಸಿದರೆ ನಿಜವಾದ ಹಾರ್ಮೋನ್ ಪಡೆದವರಲ್ಲಿ ಬಿಸಿಯೇರುವ ಸಂಖ್ಯೆ ಸುಮಾರು ಶೇ. 75ರಷ್ಟು ಕಡಿಮೆ. ಬೇರೆ ಯಾವ ಔಷಧವೂ, ನನ್ನ ಕಪಾಟಿನ ಔಷಧಗಳೂ ಸೇರಿ, ಇದರ ಹತ್ತಿರ ಬರುವುದಿಲ್ಲ. ಅದೇ ವಿಮರ್ಶೆಯಲ್ಲಿ ಇನ್ನೊಂದು ಸಂಗತಿಯೂ ಇತ್ತು. ಸುಳ್ಳು ಮಾತ್ರೆ ಪಡೆದವರಲ್ಲೂ ಬಿಸಿಯೇರುವುದು ಅರ್ಧಕ್ಕಿಂತ ಹೆಚ್ಚು ಇಳಿದಿತ್ತು! ಇದನ್ನು ಓದಿದ ದಿನ ನನ್ನ ರೋಗಿಯ ಮೊದಲ ತಿಂಗಳ "ಅರ್ಧಕ್ಕರ್ಧ ಕಡಿಮೆ" ನೆನಪಾಯಿತು. ಯಾರೋ ಒಬ್ಬರು ಕೂರಿಸಿ ಕಷ್ಟ ಕೇಳಿದ್ದಾರೆ, ಔಷಧ ಕೊಟ್ಟಿದ್ದಾರೆ ಎಂಬುದರಿಂದಲೇ ಅಷ್ಟು ನೆಮ್ಮದಿ ಸಿಗುತ್ತದೆ. ಆದ್ದರಿಂದ ನಮ್ಮ ಮಜೂನ್‌ನಿಂದ ಹತ್ತು ಜನಕ್ಕೆ ಗುಣವಾಗಿದೆ ಎಂದು ಯಾರಾದರೂ ಹೇಳಿದರೆ, ಅದನ್ನು ಕೇಳಿಕೊಳ್ಳಿ, ಆದರೆ ಅದರ ಮೇಲೆ ವರ್ಷ ಕಳೆಯಬೇಡಿ.

ರಾತ್ರಿ ಬೆವರು ನಿಂತರೆ ನಿದ್ದೆ ಸಹಜವಾಗಿಯೇ ಸುಧಾರಿಸುತ್ತದೆ. ಜೊತೆಗೆ ಮೈಕ್ರೊನೈಸ್ಡ್ ಪ್ರೊಜೆಸ್ಟರಾನ್ ಎಂಬ ಬಗೆಗೆ ಸ್ವಲ್ಪ ನಿದ್ದೆ ಬರಿಸುವ ಗುಣವಿರುವುದರಿಂದ ಅದನ್ನು ಮಲಗುವ ಹೊತ್ತಿಗೇ ಕೊಡುತ್ತಾರೆ. ಮೂಳೆ ಸವೆಯುವುದೂ ತಗ್ಗುತ್ತದೆ. ಆದರೆ ಇದು ಯೌವನ ಮರಳಿಸುವ ಔಷಧವಲ್ಲ. ತೂಕ ಇಳಿಸುವುದಿಲ್ಲ, ಮನೆಯ ಚಿಂತೆಗಳನ್ನು ದೂರ ಮಾಡುವುದಿಲ್ಲ. ಮುಟ್ಟು ಪೂರ್ತಿ ನಿಲ್ಲದವರಿಗೆ ಇದು ಗರ್ಭನಿರೋಧಕವೂ ಅಲ್ಲ ಎಂಬುದು ನೆನಪಿರಲಿ.

2002ರ ಆ ಭಯ

"ಅಯ್ಯೋ, ಹಾರ್ಮೋನ್ ತಗೊಂಡರೆ ಕ್ಯಾನ್ಸರ್ ಬರುತ್ತದೆ." ಈ ಮಾತು ಎಲ್ಲಿಂದ ಬಂತು? ಅಮೆರಿಕದ ಸರಕಾರಿ ಹಣದಿಂದ ನಡೆದ ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್ ಎಂಬ ದೊಡ್ಡ ಪ್ರಯೋಗದಿಂದ. 16,608 ಮಹಿಳೆಯರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಈಸ್ಟ್ರೋಜನ್ ಮತ್ತು ಪ್ರೊಜೆಸ್ಟಿನ್, ಇನ್ನೊಂದಕ್ಕೆ ಸುಳ್ಳು ಮಾತ್ರೆ ಕೊಟ್ಟರು. ಐದು ವರ್ಷಗಳ ನಂತರ, 2002ರ ಜುಲೈಯಲ್ಲಿ ಅದನ್ನು ಅರ್ಧದಲ್ಲೇ ನಿಲ್ಲಿಸಿದರು. ಜಗತ್ತಿನ ಪತ್ರಿಕೆಗಳಲ್ಲೆಲ್ಲ ದೊಡ್ಡ ಸುದ್ದಿಯಾಯಿತು. ಲಕ್ಷಾಂತರ ಮಹಿಳೆಯರು ರಾತ್ರೋರಾತ್ರಿ ಔಷಧ ಬಿಟ್ಟರು, ವೈದ್ಯರು ಬರೆಯುವುದನ್ನೇ ನಿಲ್ಲಿಸಿದರು.

ಅಂಕಿಗಳನ್ನು ನೋಡೋಣ. ಸುಳ್ಳು ಮಾತ್ರೆ ಪಡೆದ 10,000 ಮಹಿಳೆಯರಲ್ಲಿ ವರ್ಷಕ್ಕೆ 30 ಮಂದಿಗೆ ಸ್ತನ ಕ್ಯಾನ್ಸರ್ ಬಂದರೆ, ಹಾರ್ಮೋನ್ ಪಡೆದ 10,000 ಮಂದಿಯಲ್ಲಿ 38 ಜನರಿಗೆ ಬಂತು. ಹೆಚ್ಚಾದದ್ದು ಎಂಟು. ಪಾರ್ಶ್ವವಾಯು ಕೂಡ ಎಂಟು ಹೆಚ್ಚು, ಹೃದಯಾಘಾತದಂಥ ತೊಂದರೆ ಏಳು ಹೆಚ್ಚು, ಶ್ವಾಸಕೋಶದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ್ದು ಎಂಟು ಹೆಚ್ಚು. ಸೊಂಟದ ಮೂಳೆ ಮುರಿತ ಐದು ಕಡಿಮೆ, ದೊಡ್ಡ ಕರುಳಿನ ಕ್ಯಾನ್ಸರ್ ಆರು ಕಡಿಮೆ. ಇವೆಲ್ಲ 10,000ಕ್ಕೆ, ಒಂದು ವರ್ಷದ ಲೆಕ್ಕ.

ಇದಕ್ಕಿಂತ ಮುಖ್ಯವಾದದ್ದು ವಯಸ್ಸು. ಆ ಪ್ರಯೋಗಕ್ಕೆ ಸೇರಿದವರ ಸರಾಸರಿ ವಯಸ್ಸು 63. ಮುಟ್ಟು ನಿಂತು ಹತ್ತು ಹನ್ನೆರಡು ವರ್ಷ ಕಳೆದವರೇ ಹೆಚ್ಚು. ಬಿಸಿ, ಬೆವರಿಗೆ ಔಷಧ ಬೇಕಾಗುವುದು 48-50ರವರಿಗೆ. ಅಜ್ಜಿಯಂದಿರ ಲೆಕ್ಕವನ್ನು ಮಗಳಂದಿರ ಮೇಲೆ ಹೇರಿದಂತಾಯಿತು. ಮುಂದೆ ವಯಸ್ಸಿನ ಪ್ರಕಾರ ಬಿಡಿಸಿ ನೋಡಿದಾಗ, 60ಕ್ಕಿಂತ ಕಡಿಮೆ ವಯಸ್ಸಿನವರಿಗೆ, ಅಥವಾ ಮುಟ್ಟು ನಿಂತು ಹತ್ತು ವರ್ಷ ಆಗದವರಿಗೆ, ಬೇರೆ ಅಡ್ಡಿ ಇಲ್ಲದಿದ್ದರೆ ಅಪಾಯಕ್ಕಿಂತ ಪ್ರಯೋಜನವೇ ಹೆಚ್ಚು ಎಂಬ ಅಭಿಪ್ರಾಯಕ್ಕೆ ಋತುಬಂಧ ತಜ್ಞರ ಸಂಘಗಳು ಬಂದಿವೆ. 2025ರ ನವೆಂಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಇಪ್ಪತ್ತು ವರ್ಷಗಳಿಂದ ಈ ಔಷಧಗಳ ಮೇಲಿದ್ದ ಕಪ್ಪು ಚೌಕಟ್ಟಿನ ಎಚ್ಚರಿಕೆಯ ಬಹುಭಾಗವನ್ನು ತೆಗೆಯುವುದಾಗಿ ಪ್ರಕಟಿಸಿತು. ಗರ್ಭಕೋಶ ಇರುವವರು ಈಸ್ಟ್ರೋಜನ್ ಒಂದನ್ನೇ ತೆಗೆದುಕೊಳ್ಳಬಾರದೆಂಬ ಎಚ್ಚರಿಕೆ ಹಾಗೆಯೇ ಉಳಿದಿದೆ.

ಹಾಗೆಂದು ಅಪಾಯವೇ ಇಲ್ಲ ಎಂದರೆ ಅದೂ ಸುಳ್ಳು. 2019ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ದೊಡ್ಡ ವಿಶ್ಲೇಷಣೆಯ ಪ್ರಕಾರ, 50ನೇ ವಯಸ್ಸಿನಿಂದ ಐದು ವರ್ಷ ಪ್ರತಿದಿನ ಎರಡೂ ಹಾರ್ಮೋನ್ ತೆಗೆದುಕೊಂಡ 50 ಮಹಿಳೆಯರಲ್ಲಿ ಒಬ್ಬರಿಗೆ, ಮುಂದಿನ ಇಪ್ಪತ್ತು ವರ್ಷಗಳಲ್ಲಿ ಹೆಚ್ಚುವರಿಯಾಗಿ ಸ್ತನ ಕ್ಯಾನ್ಸರ್ ಬರುತ್ತದೆ. ಈಸ್ಟ್ರೋಜನ್ ಮಾತ್ರ ತೆಗೆದುಕೊಂಡವರಲ್ಲಿ 200ಕ್ಕೆ ಒಬ್ಬರು. ಇದು ಪಾಶ್ಚಾತ್ಯ ಮಹಿಳೆಯರ ಲೆಕ್ಕ. ಅಲ್ಲಿಗಿಂತ ನಮ್ಮಲ್ಲಿ ಸ್ತನ ಕ್ಯಾನ್ಸರ್ ಪ್ರಮಾಣ ಕಡಿಮೆ. ಆದರೂ ವರ್ಷ ಹೆಚ್ಚಿದಷ್ಟು ಅಪಾಯ ಹೆಚ್ಚು ಎಂಬುದು ಸತ್ಯ. ಆದ್ದರಿಂದಲೇ ವರ್ಷಕ್ಕೊಮ್ಮೆ ವೈದ್ಯರ ಮುಂದೆ ಕೂತು, ಇನ್ನೂ ಬೇಕೇ, ಪ್ರಮಾಣ ತಗ್ಗಿಸಬಹುದೇ ಎಂದು ಕೇಳಬೇಕು.

ನಮ್ಮ ಮನೆಗಳಲ್ಲಿ ನನಗೆ ಆಶ್ಚರ್ಯ ತರುವ ಇನ್ನೊಂದು ಸಂಗತಿ ಇದೆ. ಉಮ್ರಾಕ್ಕೆ, ಹಜ್ಜಿಗೆ, ರಮಝಾನಿಗೆ, ಮದುವೆಗೆ ಎಂದು ಮುಟ್ಟು ಮುಂದೂಡುವ ಮಾತ್ರೆಯನ್ನು ಯಾರ ಚೀಟಿಯೂ ಇಲ್ಲದೆ ಮೆಡಿಕಲ್ ಶಾಪಿನಿಂದ ತರಿಸಿ ನುಂಗುತ್ತಾರೆ. ಅದರಲ್ಲಿರುವ ನಾರೆಥಿಸ್ಟೆರಾನ್ ಕೂಡ ಹಾರ್ಮೋನೇ. ದಿನಕ್ಕೆ ಮೂರರಂತೆ ತೆಗೆದುಕೊಳ್ಳುವ ಆ ಪ್ರಮಾಣ, ಋತುಬಂಧದ ಚಿಕಿತ್ಸೆಯಲ್ಲಿ ಅದೇ ಔಷಧ ಬಳಸುವ ಪ್ರಮಾಣಕ್ಕಿಂತ ಹಲವು ಪಟ್ಟು ಹೆಚ್ಚು. ಅದಕ್ಕೆ ಇಲ್ಲದ ಭಯ ಇದಕ್ಕೆ ಯಾಕೆ?

ಯಾರು ತೆಗೆದುಕೊಳ್ಳಬಾರದು?

ಸ್ತನ ಕ್ಯಾನ್ಸರ್ ಬಂದವರು, ಹೃದಯಾಘಾತ ಅಥವಾ ಪಾರ್ಶ್ವವಾಯು ಆದವರು, ಕಾಲಿನಲ್ಲೋ ಶ್ವಾಸಕೋಶದಲ್ಲೋ ರಕ್ತ ಹೆಪ್ಪುಗಟ್ಟಿದವರು, ಲಿವರ್ ಕಾಯಿಲೆ ಜೋರಾಗಿರುವವರು, ಕಾರಣ ತಿಳಿಯದ ರಕ್ತಸ್ರಾವ ಇರುವವರು ಬಿಸಿ-ಬೆವರಿಗೆಂದು ಈ ಚಿಕಿತ್ಸೆ ತೆಗೆದುಕೊಳ್ಳಬಾರದು. ಬಿಪಿ ಇದ್ದರೆ ಮೊದಲು ಅದನ್ನು ಹತೋಟಿಗೆ ತರಬೇಕು. ಬಿಪಿ, ಶುಗರ್, ಬೊಜ್ಜು ಇರುವವರಿಗೆ ಮಾತ್ರೆಗಿಂತ ಚರ್ಮಕ್ಕೆ ಹಚ್ಚುವ ಈಸ್ಟ್ರೋಜನ್ ವಾಸಿ. ಅದು ನೇರವಾಗಿ ಲಿವರ್‌ಗೆ ಹೋಗದೆ ರಕ್ತಕ್ಕೆ ಸೇರುವುದರಿಂದ ರಕ್ತ ಹೆಪ್ಪುಗಟ್ಟುವ ಭಯ ಕಡಿಮೆ.

ರಾತ್ರಿ ಬೆವರಿದ್ದೆಲ್ಲ ಋತುಬಂಧವೂ ಅಲ್ಲ. ಸಂಜೆ ಜ್ವರ, ಕೆಮ್ಮು, ತೂಕ ಇಳಿಯುವುದು ಜೊತೆಗಿದ್ದರೆ ಟಿಬಿ ಪರೀಕ್ಷೆ ಮಾಡಿಸಿ. ಇನ್ಸುಲಿನ್ ಅಥವಾ ಶುಗರ್ ಮಾತ್ರೆ ತೆಗೆದುಕೊಳ್ಳುವವರಿಗೆ ನಡುರಾತ್ರಿ ಬೆವರಿದರೆ ಶುಗರ್ ತೀರಾ ಇಳಿದಿರಬಹುದು. ಥೈರಾಯ್ಡ್ ಹೆಚ್ಚಾದರೂ ಹೀಗೆಯೇ.

ಚಿಕ್ಕ ವಯಸ್ಸಿನಲ್ಲೇ ಆಪರೇಷನ್ ಮಾಡಿಸಿ ಗರ್ಭಕೋಶದ ಜೊತೆ ಎರಡೂ ಅಂಡಾಶಯ ತೆಗೆಸಿಕೊಂಡವರ ವಿಷಯ ಬೇರೆಯೇ. 38, 40ನೇ ವಯಸ್ಸಿಗೆ ಒಂದೇ ದಿನದಲ್ಲಿ ಋತುಬಂಧ ಬಂದುಬಿಡುತ್ತದೆ. ಬಿಸಿಯೂ ಜೋರು, ಮೂಳೆ ಮತ್ತು ಹೃದಯಕ್ಕೂ ತೊಂದರೆ. ಅಡ್ಡಿ ಇಲ್ಲದಿದ್ದರೆ ಇವರು ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನವರೆಗಾದರೂ ಹಾರ್ಮೋನ್ ತೆಗೆದುಕೊಳ್ಳುವುದು ಒಳ್ಳೆಯದು. ಆಪರೇಷನ್ನಿನ ಫೈಲ್ ತೆಗೆದು ನೋಡಿ. ಅಂಡಾಶಯ ಉಳಿಸಿದ್ದಾರೋ ತೆಗೆದಿದ್ದಾರೋ ಎಂಬುದು ಎಷ್ಟೋ ಮಂದಿಗೆ ಗೊತ್ತೇ ಇರುವುದಿಲ್ಲ.

ಹಲಾಲ್, ವುಝೂ, ಉಪವಾಸ

ಈ ಪ್ರಶ್ನೆಗಳನ್ನು ಸ್ತ್ರೀರೋಗ ತಜ್ಞೆಯ ಬಳಿ ಕೇಳಲು ನಮ್ಮವರು ಹಿಂಜರಿಯುತ್ತಾರೆ, ಆಮೇಲೆ ಔಷಧವನ್ನೇ ಬಿಟ್ಟುಬಿಡುತ್ತಾರೆ. ಅದಕ್ಕೇ ಇಲ್ಲಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

1942ರಿಂದ ಅಮೆರಿಕದಲ್ಲಿ ಮಾರಾಟವಾಗುತ್ತಿರುವ, 2002ರ ಪ್ರಯೋಗದಲ್ಲೂ ಬಳಸಿದ ಕಾಂಜುಗೇಟೆಡ್ ಈಸ್ಟ್ರೋಜನ್ ಮಾತ್ರೆಯನ್ನು ಗಬ್ಬದ ಕುದುರೆಯ ಮೂತ್ರದಿಂದ ತೆಗೆಯುತ್ತಾರೆ. ಕೇಳಿ ಮುಖ ಸಿಂಡರಿಸುವುದು ಸಹಜ. ಆದರೆ ಈಗ ಹೆಚ್ಚಾಗಿ ಬರೆದುಕೊಡುವ ಎಸ್ಟ್ರಡಯೋಲ್ ಅದಲ್ಲ. ಅದನ್ನು ಸೋಯಾ, ಗೆಣಸಿನ ಜಾತಿಯ ಗಡ್ಡೆ ಮುಂತಾದ ಸಸ್ಯಗಳ ಸಾರದಿಂದ ಪ್ರಯೋಗಾಲಯದಲ್ಲಿ ತಯಾರಿಸುತ್ತಾರೆ, ಮತ್ತು ಅದು ನಮ್ಮ ಅಂಡಾಶಯ ತಯಾರಿಸುವ ಹಾರ್ಮೋನಿನಂತೆಯೇ ಇರುತ್ತದೆ. ಚೀಟಿಯಲ್ಲಿ ಎಸ್ಟ್ರಡಯೋಲ್ ಎಂದಿದೆಯೇ ನೋಡಿಕೊಳ್ಳಿ. ಪ್ರೊಜೆಸ್ಟರಾನ್ ಕ್ಯಾಪ್ಸೂಲಿನ ಹೊದಿಕೆ ಜೆಲಟಿನ್‌ನದ್ದು. ಅದು ಯಾವ ಪ್ರಾಣಿಯದೆಂದು ಸಾಮಾನ್ಯವಾಗಿ ಡಬ್ಬಿಯ ಮೇಲೆ ಬರೆದಿರುವುದಿಲ್ಲ. ಮನಸ್ಸಿಗೆ ಸರಿ ಕಾಣದಿದ್ದರೆ ಡೈಡ್ರೊಜೆಸ್ಟರಾನ್ ಎಂಬ ಮಾತ್ರೆ ಆಗುತ್ತದೆಯೇ ಎಂದು ವೈದ್ಯರನ್ನು ಕೇಳಿ. ಗರ್ಭಕೋಶದೊಳಗೆ ಇಡುವ ಹಾರ್ಮೋನ್ ಉಪಕರಣವೂ ಇದೆ. ಜೆಲ್‌ನಲ್ಲಿ ಆಲ್ಕೋಹಾಲ್ ಇರುತ್ತದೆ, ಹಚ್ಚಿದ ಕೆಲವು ನಿಮಿಷಗಳಲ್ಲಿ ಆರಿಹೋಗುತ್ತದೆ. ಇವುಗಳ ಮಸ್‌ಅಲಾ ಏನೆಂದು ಹೇಳುವುದು ನನ್ನ ಕೆಲಸವಲ್ಲ, ನಿಮ್ಮ ಉಲಮಾಗಳ ಬಳಿ ಕೇಳಿ. ಕೇಳುವಾಗ "ಹಾರ್ಮೋನ್ ಹಲಾಲಾ" ಎಂದು ಕೇಳಬೇಡಿ. ಔಷಧದ ಹೆಸರು, ಯಾವುದರಿಂದ ಮಾಡಿದ್ದು, ಯಾಕಾಗಿ ಬೇಕಾಗಿದೆ ಎಂಬುದನ್ನು ಹೇಳಿ ಕೇಳಿ.

ಜೆಲ್ಲನ್ನು ತೋಳಿಗೆ ಅಥವಾ ತೊಡೆಯ ಒಳಭಾಗಕ್ಕೆ ಹಚ್ಚುತ್ತಾರೆ. ಹಚ್ಚಿ ಒಂದು ಗಂಟೆ ಆ ಜಾಗ ತೊಳೆಯಬಾರದು. ಮೊಣಕೈವರೆಗೆ ಹಚ್ಚಿಕೊಂಡು ಹತ್ತು ನಿಮಿಷದಲ್ಲಿ ವುಝೂ ಮಾಡಿದರೆ ಔಷಧ ನೀರಿಗೆ ಹೋಯಿತು. ಇಶಾ ನಮಾಝ್ ಮುಗಿಸಿ ತೊಡೆಗೆ ಹಚ್ಚಿಕೊಂಡರೆ ಈ ತೊಡಕೇ ಇಲ್ಲ, ಉಪವಾಸದ ಪ್ರಶ್ನೆಯೂ ಇಲ್ಲ. ಎದೆಗೆ ಹಚ್ಚಬಾರದು. ಒಣಗುವ ಮೊದಲು ಮೊಮ್ಮಕ್ಕಳನ್ನು ಆ ಜಾಗಕ್ಕೆ ತಾಗುವಂತೆ ಎತ್ತಿಕೊಳ್ಳಬೇಡಿ. ಹಚ್ಚಿದ ಕೈಯನ್ನು ಸೋಪು ಹಾಕಿ ತೊಳೆಯಿರಿ. ಅಂಟಿಸುವ ಪ್ಯಾಚ್ ಎಲ್ಲ ಊರುಗಳಲ್ಲಿ ಸುಲಭವಾಗಿ ಸಿಗುವುದಿಲ್ಲ. ಸಿಕ್ಕಿದರೆ ಅದನ್ನು ವುಝೂವಿನಲ್ಲಿ ತೊಳೆಯದ ಸೊಂಟದ ಭಾಗಕ್ಕೆ ಹಾಕುತ್ತಾರೆ, ಗುಸ್ಲ್ ವಿಷಯ ಮಾತ್ರ ಕೇಳಿ ತಿಳಿದುಕೊಳ್ಳಿ.

ರಕ್ತ ಕಂಡರೆ ಮಾತ್ರ ಎಚ್ಚರ. ಒಂದು ವರ್ಷ ಮುಟ್ಟು ನಿಂತ ಮೇಲೆ ಒಂದು ಹನಿ ಕಂಡರೂ ಅದನ್ನು ಇಸ್ತಿಹಾಝಾ ಎಂದುಕೊಂಡು ವುಝೂ ಮಾಡಿ ನಮಾಝ್ ಮುಂದುವರಿಸಿ ಸುಮ್ಮನಾಗುವವರಿದ್ದಾರೆ. ನಮಾಝಿನ ಹುಕ್ಮ್ ಏನೆಂದು ಆಲಿಮರು ಹೇಳುತ್ತಾರೆ. ರಕ್ತ ಎಲ್ಲಿಂದ ಬಂತು ಎಂದು ಹೇಳಬೇಕಾದದ್ದು ಸ್ಕ್ಯಾನಿಂಗ್. ಎರಡೂ ಕಡೆ ಹೋಗಬೇಕು. ಗರ್ಭಕೋಶದ ಕ್ಯಾನ್ಸರ್ ಹೆಚ್ಚಿನವರಲ್ಲಿ ಮೊದಲು ತೋರಿಸಿಕೊಳ್ಳುವುದೇ ಹೀಗೆ, ಬೇಗ ಹಿಡಿದರೆ ಬಹಳಷ್ಟು ಮಂದಿ ಗುಣವಾಗುತ್ತಾರೆ. ಹಾರ್ಮೋನ್ ಶುರುಮಾಡಿದ ಮೊದಲ ಮೂರು ನಾಲ್ಕು ತಿಂಗಳು ಸ್ವಲ್ಪ ಕಾಣಿಸಿಕೊಳ್ಳುವುದುಂಟು. ಅದನ್ನೂ ವೈದ್ಯರಿಗೆ ತಿಳಿಸಿ. ಆರು ತಿಂಗಳಾದರೂ ನಿಲ್ಲದಿದ್ದರೆ ಪರೀಕ್ಷೆ ಬೇಕೇ ಬೇಕು.

ನನ್ನ ಕಪಾಟಿನಲ್ಲಿರುವುದು

ಹಾಗಾದರೆ ಯುನಾನಿ ಬೇಡವೇ ಎಂದು ನೀವು ಕೇಳಬಹುದು. ನಿದ್ದೆಗೆ ಮುಂಚೆ ತಲೆಗೆ ಎಣ್ಣೆ ಹಚ್ಚಿ ತಿಕ್ಕುವುದರಿಂದ ಹಾಯೆನಿಸುತ್ತದೆ. ಗುಲಾಬಿ ಅರ್ಕ ಮುಖಕ್ಕೆ ತಂಪು. ರಾತ್ರಿ ಖಾರ, ಬಿರಿಯಾನಿ, ಕಡಕ್ ಚಹಾ ಕಡಿಮೆ ಮಾಡಿ, ನೈಲಾನ್ ಬಟ್ಟೆಯ ಬುರ್ಖಾ ಬದಲು ಹತ್ತಿಯದು ತೊಟ್ಟರೆ ಹಗಲು ಸ್ವಲ್ಪ ಸುಖ. ತೂಕ ಇಳಿಸಿದರೆ ಬಿಸಿಯೇರುವುದು ನಿಜವಾಗಿಯೂ ಕಡಿಮೆಯಾಗುತ್ತದೆ. ತೊಂದರೆ ಹಗುರವಾಗಿರುವವರಿಗೆ ಇಷ್ಟು ಸಾಕಾಗಬಹುದು. ರಾತ್ರಿ ಮೂರು ನಾಲ್ಕು ಸಲ ಎದ್ದು ಕೂರುವವರಿಗೆ ಸಾಕಾಗುವುದಿಲ್ಲ.

ನಮ್ಮ ಔಷಧಗಳಿಂದಲೂ ತೊಂದರೆಯಾಗಬಹುದು ಎಂಬುದನ್ನು ಹೇಳಬೇಕು. ಖಮೀರಾ, ಮಜೂನ್, ಶರ್ಬತ್ ಎಲ್ಲವೂ ಸಕ್ಕರೆ ಅಥವಾ ಜೇನಿನ ಪಾಕದಲ್ಲಿ ಮಾಡಿದವು. ಶುಗರ್ ಇರುವವರು ಕೇಳದೆ ತಿನ್ನಬಾರದು. ಮುಲೇಠಿ, ಅಂದರೆ ಜ್ಯೇಷ್ಠಮಧು, ಹೆಚ್ಚು ದಿನ ತಿಂದರೆ ಬಿಪಿ ಏರುತ್ತದೆ. "ಹೆಂಗಸರ ಎಲ್ಲ ತೊಂದರೆಗೂ ಒಂದೇ ಟಾನಿಕ್" ಎಂದು ಲೇಬಲ್ ಸರಿಯಿಲ್ಲದೆ ಮಾರುವುದರಲ್ಲಿ ಏನು ಬೆರೆಸಿದ್ದಾರೆಂದು ಯಾರಿಗೂ ಗೊತ್ತಿಲ್ಲ. ಹಾರ್ಮೋನ್ ತೆಗೆದುಕೊಳ್ಳುತ್ತಿರುವಾಗ ನನ್ನಂಥವರ ಔಷಧವನ್ನೂ ಸೇರಿಸುವುದಾದರೆ ಇಬ್ಬರು ವೈದ್ಯರಿಗೂ ತಿಳಿಸಿ. ನಾನು ಹಾರ್ಮೋನ್ ಬರೆಯುವುದಿಲ್ಲ. ಸ್ತ್ರೀರೋಗ ತಜ್ಞೆಗೆ ಚೀಟಿ ಬರೆದು ಕಳಿಸುತ್ತೇನೆ.

ಹಾರ್ಮೋನ್ ಆಗದವರಿಗೂ ದಾರಿ ಇದೆ. ಕಡಿಮೆ ಪ್ರಮಾಣದ ಪ್ಯಾರೊಕ್ಸೆಟಿನ್, ವೆನ್ಲಾಫಾಕ್ಸಿನ್, ಗಾಬಾಪೆಂಟಿನ್ ಮುಂತಾದ ಮಾತ್ರೆಗಳು ಬಿಸಿಯೇರುವುದನ್ನು ಒಂದು ಮಟ್ಟಿಗೆ ತಗ್ಗಿಸುತ್ತವೆ. ಇವುಗಳಲ್ಲಿ ಕೆಲವು ಮನೋರೋಗಕ್ಕೆ ಕೊಡುವ ಮಾತ್ರೆಗಳಾದ್ದರಿಂದ ಚೀಟಿ ನೋಡಿ ಗಾಬರಿಯಾಗಬೇಡಿ. ಸ್ತನ ಕ್ಯಾನ್ಸರ್‌ಗೆ ಟ್ಯಾಮಾಕ್ಸಿಫೆನ್ ತೆಗೆದುಕೊಳ್ಳುವವರು ಮಾತ್ರ ಪ್ಯಾರೊಕ್ಸೆಟಿನ್ ಬೇಡವೆಂದು ನೆನಪಿಸಬೇಕು, ಅದು ಟ್ಯಾಮಾಕ್ಸಿಫೆನ್‌ನ ಕೆಲಸಕ್ಕೆ ಅಡ್ಡ ಬರುತ್ತದೆ.

ಗಂಡಂದಿರೂ ಓದಲಿ

ಬಾಗಿಲು ಹಾಕಿಕೊಂಡ ಮೇಲೆ ಮಾತ್ರ ಕೆಲವರು ಹೇಳುವ ಒಂದು ತೊಂದರೆ ಇದೆ. ಈಸ್ಟ್ರೋಜನ್ ಕಡಿಮೆಯಾದಾಗ ಯೋನಿಯ ಒಳಪದರ ತೆಳುವಾಗಿ ಒಣಗುತ್ತದೆ. ದಾಂಪತ್ಯದ ಹೊತ್ತಿನಲ್ಲಿ ನೋವು, ಮೂತ್ರದ ಉರಿ, ಪದೇ ಪದೇ ಸೋಂಕು. ಹೆಂಡತಿ ದೂರ ಸರಿಯುತ್ತಾಳೆ, ಗಂಡ ತನ್ನ ಮೇಲೆ ಮನಸ್ಸಿಲ್ಲ ಎಂದು ತಿಳಿಯುತ್ತಾನೆ. ಮಾತು ಬೆಳೆದು ಹಿರಿಯರ ಪಂಚಾಯಿತಿಗೆ ಬಂದ ಮನೆಗಳನ್ನೂ, ಎರಡನೇ ಮದುವೆಯ ಮಾತಾದ ಮನೆಗಳನ್ನೂ ನೋಡಿದ್ದೇನೆ. ಇದಕ್ಕೆ ಒಳಗೆ ಹಚ್ಚುವ ಈಸ್ಟ್ರೋಜನ್ ಕ್ರೀಮ್ ಇದೆ. ರಕ್ತಕ್ಕೆ ಸೇರುವ ಪ್ರಮಾಣ ಬಹಳ ಕಡಿಮೆ. ಮೊದಲು ದಿನವೂ, ಆಮೇಲೆ ವಾರಕ್ಕೆ ಎರಡು ಸಲ, ರಾತ್ರಿ ಮಾತ್ರ. ಬಿಸಿ, ಬೆವರು ವರ್ಷಗಳಲ್ಲಿ ಕಡಿಮೆಯಾಗುತ್ತದೆ, ಈ ಒಣಗುವಿಕೆ ಚಿಕಿತ್ಸೆ ಇಲ್ಲದೆ ಹೆಚ್ಚುತ್ತಲೇ ಹೋಗುತ್ತದೆ. ಹಾಗಾಗಿ ಇದನ್ನು ನಾಚಿಕೆಯಿಂದ ಮುಚ್ಚಿಡಬೇಡಿ.

ಮುಟ್ಟು ನಿಂತ ಮೇಲೆ ರಮಝಾನಿನಲ್ಲಿ ಒಂದು ದಿನದ ಉಪವಾಸವೂ ತಪ್ಪುವುದಿಲ್ಲ, ಕಝಾ ಇರುವುದಿಲ್ಲ ಎಂದು ಎಷ್ಟೋ ತಾಯಂದಿರು ಸಂತೋಷಪಡುತ್ತಾರೆ. ಆದರೆ ಸಹರಿಗೆ ಎದ್ದು ಅಡುಗೆ ಮಾಡುವ ಜೀವ ಅದಕ್ಕೂ ಮೊದಲು ಎರಡು ಸಲ ಬೆವರಿ ಎದ್ದಿರುತ್ತದೆ ಎಂಬುದು ಮನೆಯವರಿಗೆ ಗೊತ್ತಿರಲಿ. ಆ ತಿಂಗಳು ಸಹರಿಯ ಕೆಲಸವನ್ನು ಮಗನೂ ಸೊಸೆಯೂ ಹಂಚಿಕೊಂಡರೆ ಅದೂ ಒಂದು ಚಿಕಿತ್ಸೆಯೇ.

ವೈದ್ಯರ ಬಳಿ ಹೋಗುವ ಮೊದಲು ಎರಡು ವಾರ ಒಂದು ಕಾಗದದಲ್ಲಿ ಬರೆದಿಡಿ. ದಿನಕ್ಕೆ ಎಷ್ಟು ಸಲ ಬಿಸಿಯೇರಿತು, ರಾತ್ರಿ ಎಷ್ಟು ಸಲ ಎದ್ದಿರಿ, ಕೊನೆಯ ಮುಟ್ಟು ಯಾವಾಗ. ತಾಯಿ, ಅಕ್ಕತಂಗಿ, ಚಿಕ್ಕಮ್ಮನವರಲ್ಲಿ ಯಾರಿಗಾದರೂ ಸ್ತನ ಅಥವಾ ಅಂಡಾಶಯದ ಕ್ಯಾನ್ಸರ್ ಬಂದಿತ್ತೇ ಎಂದು ಮನೆಯಲ್ಲಿ ವಿಚಾರಿಸಿ. ಈಗ ತೆಗೆದುಕೊಳ್ಳುವ ಎಲ್ಲ ಮಾತ್ರೆ, ಮಜೂನ್, ಶರ್ಬತ್‌ಗಳ ಖಾಲಿ ಡಬ್ಬಿಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಬಿಪಿ, ಶುಗರ್, ಕೊಬ್ಬಿನ ಪರೀಕ್ಷೆ ಮತ್ತು ಮ್ಯಾಮೊಗ್ರಾಂ ಬರೆದುಕೊಟ್ಟರೆ ಮಾಡಿಸಿ. ಹಾರ್ಮೋನ್ ಶುರುಮಾಡಿದರೆ ಮೂರು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಹೋಗಿ. ಒಂದು ಕಾಲು ಮಾತ್ರ ಊದಿಕೊಂಡು ನೋಯುವುದು, ಹಠಾತ್ತನೆ ಎದೆ ನೋವು ಅಥವಾ ಉಸಿರು ಕಟ್ಟುವುದು, ಮಾತು ತೊದಲುವುದು, ಎದೆಯಲ್ಲಿ ಗಂಟು ಕಾಣುವುದು, ಇವುಗಳಲ್ಲಿ ಯಾವುದಾದರೂ ಆದರೆ ಮುಂದಿನ ತಾರೀಕಿಗೆ ಕಾಯದೆ ಅಂದೇ ಆಸ್ಪತ್ರೆಗೆ ಹೋಗಿ.